ಫರ್ನೇಸ್ ಎಲ್ಲಿಯವರೆಗೆ ಬಂದು ನಿಂತಿತು?

(ಚಿಕಾಗೋದ ಒಂದು ಉಪನಗರದಲ್ಲಿ, ಚಳಿಗಾಲ ಶುರುವಾಗುವ ಮೊದಲು ಕನ್ನಡ ಕುಟುಂಬಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಮನೆ ತಣ್ಣಗಾಗಿದೆ, ಫರ್ನೇಸ್ (ಮನೆಗೆಲ್ಲ ಬಿಸಿ ಗಾಳಿ ಕೊಡುವ ಯಂತ್ರ) ಕೆಟ್ಟಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ಅದು ಎಲ್ಲಿಯವರೆಗೆ ಬಂದು ನಿಂತಿತು? ಬಹಳ ಜನಕ್ಕೆ ಈ ಪ್ರಶ್ನೆ ವಿಚಿತ್ರ ಅನ್ನಿಸುತ್ತದೆ. "ನಿಂತಿದೆ ಅಂದ್ರೆ ನಿಂತಿದೆ, ಅದರಲ್ಲಿ ಎಲ್ಲಿಯವರೆಗೆ ಅಂತ ಏನಿದೆ?" ಅಂತಾರೆ. ಇದೆ. ಇವತ್ತು ನಾನು ಹೇಳಬೇಕಾದ್ದು ಹೆಚ್ಚುಕಡಿಮೆ ಅಷ್ಟೇ. ಗ್ಯಾಸ್ ಫರ್ನೇಸ್ ಒಂದೇ ಸಲಕ್ಕೆ ಹತ್ತಿಕೊಳ್ಳುವ ಯಂತ್ರ ಅಲ್ಲ. ಒಂದು ಕೆಲಸ ಮುಗಿಯಬೇಕು, ಅದು ಸರಿಯಾಗಿ ಮುಗಿದಿದೆ ಅಂತ ಒಂದು ಸ್ವಿಚ್ ಒಪ್ಪಬೇಕು, ಆಮೇಲೆ ಮುಂದಿನ ಕೆಲಸ. ಮದುವೆ ಮನೆ ಪಂಕ್ತಿಯಲ್ಲಿ ಎಲೆ ಹಾಕದೆ ಉಪ್ಪು ಬಡಿಸುವುದಿಲ್ಲ, ಅನ್ನ ಬರದೆ ಸಾರು ಬರುವುದಿಲ್ಲ, ಹಾಗೆ. ಸಾರು ಬರಲಿಲ್ಲ ಅಂದರೆ ಅನ್ನ ಬಂತಾ ಅಂತ ಮೊದಲು ನೋಡಬೇಕು.

ಆ ಸಾಲು ಹೇಗಿರುತ್ತದೆ ಅಂತ ನೋಡೋಣ. ಬೇಸ್‌ಮೆಂಟಿಗೆ ಹೋಗಿ, ಫರ್ನೇಸ್ ಮುಂದೆ ಒಂದು ಕುರ್ಚಿ ಹಾಕಿ ಕುಳಿತುಕೊಳ್ಳಿ. ಮನೆಯವರಿಗೆ ಹೇಳಿ ಥರ್ಮೋಸ್ಟಾಟನ್ನು, ಅಂದರೆ ಮನೆ ಎಷ್ಟು ಬೆಚ್ಚಗಿರಬೇಕು ಅಂತ ಹೇಳುವ ಗೋಡೆಯ ಮೇಲಿನ ಸಾಧನವನ್ನು, ಐದು ಡಿಗ್ರಿ ಮೇಲೆ ಏರಿಸಿ. ಥರ್ಮೋಸ್ಟಾಟಿನಿಂದ 24 ವೋಲ್ಟಿನ ಒಂದು ಸಂಕೇತ ಫರ್ನೇಸಿನ ಕಂಟ್ರೋಲ್ ಬೋರ್ಡಿಗೆ ಬರುತ್ತದೆ. ಮೊದಲು ಕೇಳುವುದು ಒಂದು ಸಣ್ಣ ಮೋಟರಿನ ಗುಂಯ್ ಸದ್ದು. ಅದು ಇಂಡ್ಯೂಸರ್. ಮನೆಯೊಳಗೆ ಗಾಳಿ ಊದುವ ದೊಡ್ಡ ಫ್ಯಾನ್ ಅಲ್ಲ. ಹೊಗೆಯನ್ನು ಎಳೆದು ಹೊರಗೆ ಹಾಕುವ ಚಿಕ್ಕ ಫ್ಯಾನ್. ಅದು ನಿಜವಾಗಿ ಎಳೆಯುತ್ತಿದೆಯಾ ಅಂತ ಪ್ರೆಶರ್ ಸ್ವಿಚ್ ನೋಡುತ್ತದೆ. ಸರಿ ಅಂದರೆ ಬೆಂಕಿ ಹಚ್ಚುವ ಇಗ್ನೈಟರ್ ಕೆಂಪಗೆ ಕಾಯಲು ಶುರು. ಸುಮಾರು ಅರ್ಧ ನಿಮಿಷದೊಳಗೆ ಗ್ಯಾಸ್ ವಾಲ್ವ್ ಟಕ್ ಅಂತ ತೆರೆಯುತ್ತದೆ. ಒಂದು ಬರ್ನರ್ ಹತ್ತಿ, ಅದರಿಂದ ಪಕ್ಕದ್ದು, ಅದರಿಂದ ಅದರ ಪಕ್ಕದ್ದು ಹತ್ತುತ್ತದೆ. ಕೆಲವೇ ಸೆಕೆಂಡಿನಲ್ಲಿ ಫ್ಲೇಮ್ ಸೆನ್ಸರ್ "ಬೆಂಕಿ ಇದೆ" ಅಂತ ಬೋರ್ಡಿಗೆ ಹೇಳಬೇಕು. ಹೇಳಿದರೆ ಮಾತ್ರ ಗ್ಯಾಸ್ ಮುಂದುವರಿಯುತ್ತದೆ. ಇನ್ನರ್ಧ ನಿಮಿಷ ಕಳೆದ ಮೇಲೆ ದೊಡ್ಡ ಬ್ಲೋವರ್ ಶುರುವಾಗಿ ಬಿಸಿ ಗಾಳಿ ಕೋಣೆಗಳಿಗೆ ಹೋಗುತ್ತದೆ.

ಫರ್ನೇಸ್ ಚೆನ್ನಾಗಿರುವಾಗಲೇ ಇದನ್ನು ಒಂದು ಸಲ ಪೂರ್ತಿ ನೋಡಿಬಿಡಿ. ಆರೋಗ್ಯವಾಗಿದ್ದಾಗಿನ ಸದ್ದು ಗೊತ್ತಿಲ್ಲದಿದ್ದರೆ ಕೆಟ್ಟಾಗಿನ ಸದ್ದು ಗೊತ್ತಾಗುವುದಿಲ್ಲ. ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ, ಮರೆಯುವ ಮುಂಚೆ. ಫರ್ನೇಸಿನ ಕೆಳಗಿನ ಬಾಗಿಲಲ್ಲಿ ಒಂದು ಸಣ್ಣ ಗಾಜಿನ ಕಿಂಡಿ ಇರುತ್ತದೆ. ಅದರೊಳಗೆ ಬೋರ್ಡಿನ ಎಲ್‌ಇಡಿ ದೀಪ ಮಿಣುಕುವುದು ಕಾಣುತ್ತದೆ. ಮೂರು ಸಲ ಮಿಣುಕಿ ನಿಂತರೆ ಒಂದು ಅರ್ಥ, ನಾಲ್ಕು ಸಲ ಮಿಣುಕಿದರೆ ಇನ್ನೊಂದು. ಅರ್ಥದ ಪಟ್ಟಿ ಬಾಗಿಲಿನ ಒಳಮೈಗೆ ಅಂಟಿಸಿರುತ್ತಾರೆ. ಆದರೆ ಪಟ್ಟಿ ನೋಡೋಣ ಅಂತ ಬಾಗಿಲು ತೆಗೆದಿರೋ, ಬಾಗಿಲಿನ ಹಿಂದಿರುವ ಸ್ವಿಚ್ ಕರೆಂಟ್ ಕಡಿದುಬಿಡುತ್ತದೆ. ಕೆಲವು ಬೋರ್ಡುಗಳಲ್ಲಿ ಕೋಡ್ ಆಗಲೇ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಕಿಂಡಿಯಲ್ಲಿ ನೋಡಿ ಎಣಿಸಿ, ಬರೆದುಕೊಳ್ಳಿ, ಆಮೇಲೆ ಬಾಗಿಲು.

ಈಗ ಏನೂ ಸದ್ದೇ ಇಲ್ಲ ಅನ್ನುವವರ ವಿಷಯಕ್ಕೆ ಬರೋಣ. ಇಂಡ್ಯೂಸರ್ ಕೂಡ ತಿರುಗುತ್ತಿಲ್ಲ. ಇಂಥದ್ದರಲ್ಲಿ ಎಷ್ಟೋ ಸಲ ಫರ್ನೇಸ್ ಕೆಟ್ಟೇ ಇರುವುದಿಲ್ಲ. ಥರ್ಮೋಸ್ಟಾಟಿನ ಬ್ಯಾಟರಿ ಮುಗಿದಿರುತ್ತದೆ. ಅಥವಾ ಬೇಸಿಗೆಯಲ್ಲಿ 'ಕೂಲ್' ಮಾಡಿದ್ದು ಹಾಗೇ ಇರುತ್ತದೆ. ಫರ್ನೇಸ್ ಪಕ್ಕದಲ್ಲೋ ಬೇಸ್‌ಮೆಂಟ್ ಮೆಟ್ಟಿಲ ಮೇಲ್ಗಡೆಯೋ ಒಂದು ಸ್ವಿಚ್ ಇರುತ್ತದೆ, ನೋಡೋಕೆ ಥೇಟ್ ಲೈಟ್ ಸ್ವಿಚ್. ಊರಿನಿಂದ ಅಪ್ಪ ಅಮ್ಮ ಬಂದಿದ್ದಾಗ, "ಯಾರಪ್ಪಾ ಇದನ್ನ ಸುಮ್ನೆ ಹಾಕಿಟ್ಟಿರೋದು" ಅಂತ ಅದನ್ನು ಆರಿಸಿಬಿಡುವುದು ಹೊಸದೇನಲ್ಲ. ಕರೆಂಟ್ ಉಳಿಸುವ ಕೈಗಳು ಅವು, ಬೈಯೋ ಹಾಗಿಲ್ಲ. ಸ್ವಿಚ್ ಮೇಲೆ ಕನ್ನಡದಲ್ಲೇ 'ಫರ್ನೇಸ್, ಮುಟ್ಟಬೇಡಿ' ಅಂತ ಚೀಟಿ ಅಂಟಿಸಿ. ಫಿಲ್ಟರ್ ಬದಲಿಸಿದ ಮೇಲೆ ಕೆಳಗಿನ ಬಾಗಿಲು ಸರಿಯಾಗಿ ಕೂತಿಲ್ಲದಿದ್ದರೂ ಇದೇ ಕತೆ. ಅಂಗೈಯಿಂದ ಒಂದು ಸಲ ಒತ್ತಿ ನೋಡಿ.

ಇದರಲ್ಲೇ ನಮ್ಮ ಸಾಫ್ಟ್‌ವೇರ್ ಹುಡುಗರಿಗಾಗಿ ಒಂದು ಮಾತು. ಹೊಸ ಸ್ಮಾರ್ಟ್ ಥರ್ಮೋಸ್ಟಾಟ್ ತಂದು ನೀವೇ ಹಾಕುತ್ತೀರಿ, ಸಂತೋಷ. ಆದರೆ ಫರ್ನೇಸಿನ ಕರೆಂಟ್ ಆರಿಸದೆ ಗೋಡೆಯ ತಂತಿ ಬಿಚ್ಚುತ್ತೀರಿ. ಎರಡು ತಂತಿ ಒಂದಕ್ಕೊಂದು ತಾಗುತ್ತವೆ. 24 ವೋಲ್ಟ್ ತಾನೇ, ಶಾಕ್ ಏನೂ ಹೊಡೆಯಲ್ಲ. ಆದರೆ ಬೋರ್ಡಿನಲ್ಲಿರುವ 3 ಅಥವಾ 5 ಆಂಪಿಯರಿನ ಫ್ಯೂಸ್ ಹೋಗುತ್ತದೆ. ಕಾರಿನಲ್ಲಿರುತ್ತದಲ್ಲ, ಅದೇ ಬಗೆಯ ಪುಟ್ಟ ಬಣ್ಣದ ಫ್ಯೂಸ್. ಆಮೇಲೆ "ಹೊಸ ಥರ್ಮೋಸ್ಟಾಟ್ ಡೆಡ್" ಅಂತ ಅಂಗಡಿಗೆ ವಾಪಸ್ ಕೊಡುತ್ತೀರಿ. ಕರೆಂಟ್ ಆರಿಸಿ, ಅದೇ ಆಂಪಿಯರಿನ ಫ್ಯೂಸ್ ಹಾಕಿದರೆ ಎಲ್ಲ ಸರಿಯಾಗಬಹುದು. ಮತ್ತೆ ಹೋದರೆ ಎಲ್ಲೋ ತಂತಿ ತಾಗುತ್ತಿದೆ ಅಂತ ಅರ್ಥ. ಆಗ ದೊಡ್ಡ ಫ್ಯೂಸ್ ಹಾಕಿ ನೋಡೋಣ ಅನ್ನುವ ಯೋಚನೆ ಬೇಡ.

ಮುಂದಿನ ನಿಲ್ದಾಣ. ಇಂಡ್ಯೂಸರ್ ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ, ಇಗ್ನೈಟರ್ ಕಾಯುವುದಿಲ್ಲ. ಕೋಡ್ ನೋಡಿದರೆ 'ಪ್ರೆಶರ್ ಸ್ವಿಚ್' ಅನ್ನುತ್ತದೆ. ತಕ್ಷಣ ಜನ ಆನ್‌ಲೈನಿನಲ್ಲಿ ಹೊಸ ಪ್ರೆಶರ್ ಸ್ವಿಚ್ ತರಿಸುತ್ತಾರೆ. ಆ ಸ್ವಿಚ್ ಕೆಟ್ಟಿರುವುದು ಕಡಿಮೆ. ಅದು ನಿಜ ಹೇಳುತ್ತಿರುತ್ತದೆ: ಹೊಗೆ ಹೊರಗೆ ಹೋಗಲು ದಾರಿ ಸರಿಯಿಲ್ಲ. ದಾರಿ ಹುಡುಕುವುದು ನಮ್ಮ ಕೆಲಸ.

ಇಲ್ಲಿ ನಿಮ್ಮ ಫರ್ನೇಸ್ ಯಾವ ಬಗೆಯದು ಅಂತ ತಿಳಿದಿರಬೇಕು. ಅದರಿಂದ ಹೊರಡುವ ಕೊಳವೆ ನೋಡಿ. ತಗಡಿನ ಕೊಳವೆ ಮೇಲಕ್ಕೆ ಚಿಮಣಿಗೆ ಹೋಗಿದ್ದರೆ ಅದು ಶೇಕಡ 80ರ ಆಸುಪಾಸಿನ ದಕ್ಷತೆಯದು. ಅಂದರೆ ನೀವು ಕೊಟ್ಟ ನೂರು ರೂಪಾಯಿ ಗ್ಯಾಸಿನಲ್ಲಿ ಎಂಬತ್ತರಷ್ಟು ಶಾಖ ಮನೆಗೆ, ಮಿಕ್ಕಿದ್ದು ಆಕಾಶಕ್ಕೆ. (ಡಾಲರ್ ಅನ್ನಬೇಕಿತ್ತು, ಲೆಕ್ಕ ಇನ್ನೂ ರೂಪಾಯಿಯಲ್ಲೇ ಬರುತ್ತದೆ.) ಬಿಳಿ ಪ್ಲಾಸ್ಟಿಕ್ ಕೊಳವೆ ಪಕ್ಕದ ಗೋಡೆಯಿಂದ ಹೊರಗೆ ಹೋಗಿದ್ದರೆ ಅದು ಶೇಕಡ 90ಕ್ಕಿಂತ ಮೇಲಿನದು. ಇದರಲ್ಲಿ ಹೊಗೆಯ ಶಾಖವನ್ನು ಎಷ್ಟು ಹೀರಿಕೊಳ್ಳುತ್ತಾರೆ ಅಂದರೆ, ಹೊಗೆಯಲ್ಲಿರುವ ನೀರಾವಿ ಮತ್ತೆ ನೀರಾಗಿಬಿಡುತ್ತದೆ. ಹೊಗೆ ತಣ್ಣಗಾಗಿರುವುದರಿಂದಲೇ ಪ್ಲಾಸ್ಟಿಕ್ ಕೊಳವೆ ಸಾಕಾಗುವುದು.

ಈ ನೀರೇ ಅರ್ಧ ತೊಂದರೆಗೆ ಮೂಲ. ಚಳಿ ಜಾಸ್ತಿ ಇದ್ದ ದಿನ ಬಕೆಟ್‌ಗಟ್ಟಲೆ ಬರುತ್ತದೆ. ಸ್ವಲ್ಪ ಆಮ್ಲ ಬೇರೆ, ಕಬ್ಬಿಣ ತಿನ್ನುತ್ತದೆ. ಅದು ಒಂದು ಟ್ರ್ಯಾಪ್ (ಸ್ವಲ್ಪ ನೀರು ನಿಲ್ಲಿಸಿಕೊಳ್ಳುವ ಬಾಗಿದ ಭಾಗ) ದಾಟಿ ಸಣ್ಣ ಪೈಪಿನಲ್ಲಿ ಮೋರಿಗೋ ಪಂಪಿಗೋ ಹೋಗಬೇಕು. ಟ್ರ್ಯಾಪಿನಲ್ಲಿ ಲೋಳೆ ಕಟ್ಟಿದರೆ ನೀರು ಹಿಂದಕ್ಕೆ ನಿಲ್ಲುತ್ತದೆ, ಇಂಡ್ಯೂಸರಿನ ಹತ್ತಿರ ಗುಳುಗುಳು ಸದ್ದು ಬರುತ್ತದೆ, ಪ್ರೆಶರ್ ಸ್ವಿಚ್ ಒಪ್ಪುವುದಿಲ್ಲ. ಪಂಪ್ ಇದ್ದರೆ ಅದರ ಪ್ಲಗ್ ನೋಡಿ. ವ್ಯಾಕ್ಯೂಮ್ ಮಾಡಲು ಕಿತ್ತು ಮತ್ತೆ ಹಾಕದೆ ಹೋಗಿರುತ್ತಾರೆ. ಬೆಚ್ಚಗಿಲ್ಲದ ಗ್ಯಾರೇಜಿನ ಮೂಲಕ ಆ ಪೈಪ್ ಹೋಗಿದ್ದರೆ ನೀರು ಒಳಗೇ ಹೆಪ್ಪುಗಟ್ಟುತ್ತದೆ. ಟ್ರ್ಯಾಪ್ ಬಿಚ್ಚಿ ಬೆಚ್ಚಗಿನ ನೀರಿನಲ್ಲಿ ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ. ಕೆಳಗೆ ಒಂದು ಪಾತ್ರೆ ಇಟ್ಟುಕೊಳ್ಳಿ. ಮತ್ತೆ ಜೋಡಿಸುವಾಗ ರಬ್ಬರ್ ಕೊಳವೆ ಸಡಿಲವಾಗಿಯೋ ಸೀಳಿಯೋ ಇಲ್ಲ ಅಂತ ನೋಡಿಕೊಳ್ಳಿ.

ಉಳಿದರ್ಧ ಮನೆಯ ಹೊರಗಿದೆ. 2019ರ ಜನವರಿ 30 ಇಲ್ಲಿದ್ದವರಿಗೆ ನೆನಪಿರಬೇಕು. ಓ'ಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಮೈನಸ್ 31ರ ಹತ್ತಿರ. ಅಂಥ ಚಳಿಯಲ್ಲಿ ಬಿಳಿ ಕೊಳವೆಯ ಬಾಯಿಯಲ್ಲಿ ಹೊರಬರುವ ಆವಿಯೇ ಮಂಜಾಗಿ ಕಟ್ಟಿಕೊಳ್ಳುತ್ತಾ ಬರುತ್ತದೆ. ಹಿಮ ಬಿದ್ದ ಮೇಲೆ ಡ್ರೈವ್‌ವೇ ಗುಡಿಸಿ, ಆ ಹಿಮವನ್ನೆಲ್ಲ ಗೋಡೆ ಬದಿಗೆ, ಅದೇ ಕೊಳವೆಯ ಮೇಲೆ ಗುಡ್ಡೆ ಹಾಕುವವರೂ ಇದ್ದಾರೆ. ಗಾಳಿ ಒಳಗೆ ಎಳೆಯುವ ಕೊಳವೆ, ಹೊಗೆ ಹೊರಗೆ ಬಿಡುವ ಕೊಳವೆ ಎರಡೂ ತೆರೆದಿರಬೇಕು. ಮಂಜು ಕಟ್ಟಿದ್ದರೆ ಬೆಚ್ಚಗಿನ ನೀರು ಹಾಕಿ ಬಿಡಿಸಿ. ಸುತ್ತಿಗೆಯಲ್ಲಿ ಹೊಡೆದರೆ ಚಳಿಗೆ ಗಡುಸಾದ ಪ್ಲಾಸ್ಟಿಕ್ ಬಿರಿಯುತ್ತದೆ. ಬೇಸಿಗೆಯಲ್ಲಿ ಕಣಜದ ಹುಳುಗಳು ಅದರೊಳಗೆ ಗೂಡು ಕಟ್ಟಿರಬಹುದು, ಎಲೆ ತುಂಬಿರಬಹುದು. ಅಕ್ಟೋಬರಿನಲ್ಲೇ ಒಂದು ಟಾರ್ಚ್ ಹಿಡಿದು ನೋಡಿ.

ಯೂಟ್ಯೂಬಿನಲ್ಲಿ ಇನ್ನೊಂದು ಉಪಾಯ ತೋರಿಸುತ್ತಾರೆ. ಪ್ರೆಶರ್ ಸ್ವಿಚ್ಚಿನ ಎರಡು ತಂತಿಯನ್ನು ಒಂದು ತುಂಡು ವೈರಿನಿಂದ ಸೇರಿಸಿಬಿಡುವುದು. ದಯವಿಟ್ಟು ಬೇಡ. ಹೊಗೆ ಹೊರಗೆ ಹೋಗುತ್ತಿದೆಯಾ ಅಂತ ನೋಡುವ ಒಂದೇ ಕಣ್ಣನ್ನು ನೀವು ಮುಚ್ಚಿದ ಹಾಗಾಯಿತು. ಅದೂ ಅಲ್ಲದೆ, ಇಂಡ್ಯೂಸರ್ ಶುರುವಾಗುವ ಮೊದಲು ಈ ಸ್ವಿಚ್ ಬಿಟ್ಟುಕೊಂಡಿರಬೇಕು ಅಂತ ಬೋರ್ಡ್ ಪರೀಕ್ಷಿಸುತ್ತದೆ. ವೈರ್ ಸೇರಿಸಿದ್ದರೆ, ಇದೇನೋ ಮೋಸ ಅಂತ ಕೆಲಸ ಶುರುಮಾಡುವುದೇ ಇಲ್ಲ. ಬೋರ್ಡ್ ಮಾಡಿದವರು ನಮ್ಮಂಥವರನ್ನು ಮೊದಲೇ ನೋಡಿದ್ದಾರೆ.

ಇಗ್ನೈಟರ್ ವಿಷಯ ಬೇಗ ಮುಗಿಸುತ್ತೇನೆ. ಇಂಡ್ಯೂಸರ್ ತಿರುಗಿ, ಟಕ್ ಸದ್ದೂ ಬಂದು, ಬರ್ನರ್ ಹತ್ತಿರ ಕೆಂಪು ಬೆಳಕು ಕಾಣದಿದ್ದರೆ ಇಗ್ನೈಟರ್ ಬಿರಿದಿರಬಹುದು. ಹಳೆಯವು ಸಿಲಿಕಾನ್ ಕಾರ್ಬೈಡಿನವು, ಸೂಕ್ಷ್ಮ. ಈಗಿನವು ಸಿಲಿಕಾನ್ ನೈಟ್ರೈಡ್, ಸ್ವಲ್ಪ ಗಟ್ಟಿ. ಕೆಲವು ವರ್ಷಕ್ಕೊಮ್ಮೆ ಹೋಗುವುದೇ ಅದರ ಸ್ವಭಾವ, ಯಾರ ತಪ್ಪೂ ಅಲ್ಲ. ಹೊಸದನ್ನು ಹಾಕುವಾಗ ಕಾಯುವ ಭಾಗವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದ ಕಡೆ ಬೇಗ ಬಿರಿಯುತ್ತದೆ. ಬಹಳಷ್ಟು ಇಗ್ನೈಟರುಗಳಿಗೆ 120 ವೋಲ್ಟ್ ಬರುತ್ತದೆ, ಆದ್ದರಿಂದ ಕರೆಂಟ್ ಆರಿಸದೆ ಕೈ ಹಾಕುವ ಹಾಗಿಲ್ಲ. ಇಗ್ನೈಟರ್ ಚೆನ್ನಾಗಿ ಕಾದು, ಬೆಂಕಿ ಮಾತ್ರ ಬರದಿದ್ದರೆ ಗ್ಯಾಸ್ ಬರುತ್ತಿದೆಯಾ ಅಂತ ನೋಡಿ. ಅಡುಗೆಮನೆ ಒಲೆ ಹತ್ತುತ್ತಿದೆಯಾ? ಫರ್ನೇಸ್ ಪಕ್ಕದ ವಾಲ್ವಿನ ಹಿಡಿ ಪೈಪಿನ ನೇರಕ್ಕೆ ಇದೆಯಾ, ಅಡ್ಡ ಇದೆಯಾ? ಅಡ್ಡ ಅಂದರೆ ಮುಚ್ಚಿದೆ. ಊರ ಹೊರಗೆ ಪ್ರೊಪೇನ್ ಟ್ಯಾಂಕ್ ಇಟ್ಟುಕೊಂಡಿರುವವರು ಟ್ಯಾಂಕಿನ ಮುಳ್ಳು ನೋಡಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬೆಂಕಿ ಹತ್ತುತ್ತದೆ, ನೀಲಿ ಜ್ವಾಲೆ ಚೆಂದ ಕಾಣುತ್ತದೆ, ನಾಲ್ಕೈದು ಸೆಕೆಂಡಿಗೆ ಟಪ್ ಅಂತ ಆರುತ್ತದೆ. ಮತ್ತೆ ಪ್ರಯತ್ನ, ಮತ್ತೆ ಆರುವುದು. ಮೂರೋ ನಾಲ್ಕೋ ಸಲ ಆದ ಮೇಲೆ ಬೋರ್ಡ್ ಮುಷ್ಕರ ಹೂಡುತ್ತದೆ. ಲಾಕೌಟ್ ಅನ್ನುತ್ತಾರೆ. ಎಷ್ಟೋ ಮಾದರಿಗಳಲ್ಲಿ ಒಂದು ಗಂಟೆಯೋ ಮೂರು ಗಂಟೆಯೋ ಬಿಟ್ಟು ತಾನೇ ಮತ್ತೆ ನೋಡುತ್ತದೆ. ರಾತ್ರಿ ಕೆಟ್ಟಿದ್ದು ಬೆಳಗಿನ ಜಾವ ತಾನಾಗಿ ಸರಿಹೋಯಿತು ಅನ್ನುವ ಪವಾಡದ ಹಿಂದೆ ಹೆಚ್ಚಾಗಿ ಇರುವುದು ಇದೇ.

ಇದಕ್ಕೆ ಮೊದಲ ಶಂಕಿತ ಫ್ಲೇಮ್ ಸೆನ್ಸರ್. ಕಡ್ಡಿಯಷ್ಟು ದಪ್ಪದ ಒಂದು ಲೋಹದ ಸರಳು, ಬುಡದಲ್ಲಿ ಬಿಳಿ ಪಿಂಗಾಣಿ. ಶಾಖ ಅಳೆಯುವ ಸಾಧನ ಅಂತ ಹಲವರು ತಿಳಿದಿದ್ದಾರೆ. ಅಲ್ಲ. ಬೆಂಕಿಯ ಜ್ವಾಲೆಯಲ್ಲಿ ವಿದ್ಯುತ್ ಸ್ವಲ್ಪ ಹರಿಯುತ್ತದೆ, ಯಾಕೆಂದರೆ ಅದರಲ್ಲಿ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಇರುತ್ತವೆ. ಬೋರ್ಡ್ ಆ ಸರಳಿಗೆ ಎಸಿ (ದಿಕ್ಕು ಬದಲಿಸುತ್ತಲೇ ಇರುವ) ವೋಲ್ಟೇಜ್ ಕೊಡುತ್ತದೆ. ಒಂದು ಕಡೆ ತೆಳ್ಳನೆಯ ಸರಳು, ಇನ್ನೊಂದು ಕಡೆ ಅಗಲವಾದ ಬರ್ನರ್. ಮೈ ಅಳತೆಯಲ್ಲಿ ಇಷ್ಟು ವ್ಯತ್ಯಾಸ ಇರುವುದರಿಂದ ವಿದ್ಯುತ್ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಹರಿಯುತ್ತದೆ. ಎಸಿ ಕೊಟ್ಟರೆ ಒಂದೇ ದಿಕ್ಕಿಗೆ ಹರಿಯುವ ಡಿಸಿಯಂತೆ ವಾಪಸ್ ಬರುತ್ತದೆ. ಬೋರ್ಡ್ ಹುಡುಕುವುದು ಈ ಡಿಸಿಯನ್ನು. ತಂತಿ ಎಲ್ಲೋ ತಗಡಿಗೆ ತಾಗಿ ಶಾರ್ಟ್ ಆದರೆ ಎಸಿ ಎಸಿಯಾಗಿಯೇ ಉಳಿಯುತ್ತದೆ, ಬೋರ್ಡ್ ಮೋಸ ಹೋಗುವುದಿಲ್ಲ. ಬೆಂಕಿಯನ್ನೇ ಡಯೋಡ್ (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಮಾಡಿಕೊಂಡ ಬುದ್ಧಿವಂತಿಕೆ ಇದು. ಬರುವ ವಿದ್ಯುತ್ತು ಎಷ್ಟು ಗೊತ್ತಾ? ಹೆಚ್ಚಿನ ಫರ್ನೇಸುಗಳಲ್ಲಿ 1ರಿಂದ 6 ಮೈಕ್ರೋಆಂಪಿಯರ್. ಒಂದು ಆಂಪಿಯರಿನ ಹತ್ತು ಲಕ್ಷದಲ್ಲೊಂದು ಪಾಲು, ಅಂಥವು ಕೆಲವು.

ಇಷ್ಟು ಚಿಕ್ಕ ವಿದ್ಯುತ್ತಿಗೆ ಸರಳಿನ ಮೇಲೆ ಕಣ್ಣಿಗೆ ಕಾಣದಷ್ಟು ಪೊರೆ ಕಟ್ಟಿದರೂ ಸಾಕು, ದಾರಿ ಕಟ್. ಬೆಂಕಿ ಉರಿಯುತ್ತಿದ್ದರೂ ಬೋರ್ಡಿಗೆ ಕಾಣುವುದಿಲ್ಲ. ಬೆಂಕಿ ಇಲ್ಲದೆ ಗ್ಯಾಸ್ ಬಿಟ್ಟರೆ ಏನಾಗುತ್ತದೆ ಅಂತ ಅದಕ್ಕೆ ಗೊತ್ತು, ಅದಕ್ಕೇ ಮುಚ್ಚಿಬಿಡುತ್ತದೆ. ಪರಿಹಾರ ಸರಳ. ಕರೆಂಟ್ ಆರಿಸಿ, ಗ್ಯಾಸ್ ವಾಲ್ವ್ ಅಡ್ಡ ಮಾಡಿ, ತಣ್ಣಗಾಗಲು ಬಿಡಿ. ಸೆನ್ಸರನ್ನು ಸಾಮಾನ್ಯವಾಗಿ ಒಂದೇ ಸ್ಕ್ರೂ ಹಿಡಿದಿರುತ್ತದೆ. ಹೊರಗೆ ಎಳೆದು, ಸರಳನ್ನು ನಯವಾದ ಸ್ಟೀಲ್ ವುಲ್ಲಿನಿಂದಲೋ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದಲೋ ಉಜ್ಜಿ. ಸ್ಕ್ರಬ್ಬರ್ ಹೊಸದಿರಲಿ, ಒಣಗಿದ್ದಿರಲಿ. ಸೋಪು, ಹುಳಿ ತಾಗಿದ್ದು ಬೇಡ. ಒರಟು ಸ್ಯಾಂಡ್‌ಪೇಪರ್ ಗೀರು ಹಾಕುತ್ತದೆ. ಪಿಂಗಾಣಿ ಒಡೆಯದ ಹಾಗೆ ಹಿಡಿಯಿರಿ. ಒರೆಸಿ ಮತ್ತೆ ಕೂರಿಸಿ.

ಆಗಲೂ ಅದೇ ಆಟ ಆದರೆ? ಪಿಂಗಾಣಿ ಬಿರಿದಿರಬಹುದು, ಫರ್ನೇಸಿನ ಗ್ರೌಂಡ್ ತಂತಿ ಸಡಿಲ ಇರಬಹುದು. ಆ ಮೈಕ್ರೋಆಂಪಿಯರ್ ಬರ್ನರಿನ ಮೂಲಕ ಗ್ರೌಂಡಿಗೇ ಹೋಗಬೇಕಲ್ಲ. ಉಜ್ಜಿ ಕೆಲವೇ ವಾರಕ್ಕೆ ಮತ್ತೆ ಪೊರೆ ಕಟ್ಟಿದರೆ ಉರಿಯುವ ಗಾಳಿಯಲ್ಲೇ ಏನೋ ಸೇರುತ್ತಿದೆ. ಫರ್ನೇಸ್ ಪಕ್ಕದಲ್ಲೇ ಬಟ್ಟೆ ಒಗೆಯುವ ಜಾಗ ಇದ್ದು, ಬ್ಲೀಚ್ ಡಬ್ಬ ತೆರೆದಿಟ್ಟಿದ್ದರೆ ಅದನ್ನು ದೂರ ಇಡಿ. ಕ್ಲೋರಿನ್ ಒಳಗಿನ ಲೋಹಕ್ಕೂ ಕೆಟ್ಟದ್ದು.

ಮುಂದಕ್ಕೆ ಹೋಗೋಣ. ಬೆಂಕಿ ನಿಂತಿತು, ಬ್ಲೋವರ್ ಬಂತು, ಬಿಸಿ ಗಾಳಿ ಬಂತು. ಐದಾರು ನಿಮಿಷಕ್ಕೆ ಬೆಂಕಿ ಆರಿ, ಗಾಳಿ ಮಾತ್ರ ತಣ್ಣಗೆ ಬರುತ್ತಲೇ ಇದೆ. ಥರ್ಮೋಸ್ಟಾಟ್ ಕೇಳಿದ ಶಾಖ ಇನ್ನೂ ಬಂದಿಲ್ಲ. ಇದು ಲಿಮಿಟ್ ಸ್ವಿಚ್ಚಿನ ಕೆಲಸ. ಒಳಗೆ ಶಾಖ ಮಿತಿ ಮೀರಿತು, ಬೆಂಕಿ ನಿಲ್ಲಿಸು, ಗಾಳಿ ಊದಿ ತಣಿಸು ಅಂತ ಅದು ಹೇಳಿದೆ. ಶಾಖ ಯಾಕೆ ಮೀರಿತು? ಗಾಳಿ ಸಾಲದೆ ಹೋದದ್ದಕ್ಕೆ. ಯಾಕೆ ಸಾಲದು? ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ.

ಇದರಲ್ಲಿ ನಮ್ಮ ಮನೆಗಳದ್ದು ಸ್ವಲ್ಪ ವಿಶೇಷ. ಒಗ್ಗರಣೆ ಇದೆ, ಕರಿಯುವುದಿದೆ, ಬೆಳಗ್ಗೆ ಸಂಜೆ ಊದುಬತ್ತಿ, ಹಬ್ಬಕ್ಕೆ ಧೂಪ. ಚಳಿಗಾಲದಲ್ಲಿ ಕಿಟಕಿ ತೆರೆಯುವುದಿಲ್ಲ. ಒಲೆಯ ಮೇಲಿನ ಫ್ಯಾನ್ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಹೊರಗೆ ಹಾಕುವುದೇ ಇಲ್ಲ, ಒಂದು ಜಾಲರಿ ದಾಟಿಸಿ ಮತ್ತೆ ಅಡುಗೆಮನೆಗೇ ಊದುತ್ತದೆ. ಆ ಜಿಡ್ಡು, ಮಸಿ ಫಿಲ್ಟರಿಗೆ ಹೋಗಿ ಕೂರುತ್ತದೆ. ಒಂದು ಇಂಚಿನ ಫಿಲ್ಟರ್ ಮೂರು ತಿಂಗಳು ಬರುತ್ತದೆ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ನಮ್ಮಲ್ಲಿ ತಿಂಗಳಿಗೊಮ್ಮೆ ನೋಡಿ, ಬೂದು ಬಣ್ಣವಾಗಿದ್ದರೆ ಬದಲಿಸಿ. ನಾಲ್ಕೈದು ಇಂಚು ದಪ್ಪದ್ದು ಆರು ತಿಂಗಳಿಂದ ಒಂದು ವರ್ಷ ಬರುತ್ತದೆ. ಇನ್ನೊಂದು, ದುಬಾರಿ ಫಿಲ್ಟರೇ ಒಳ್ಳೆಯದು ಅಂತ ತೆಳ್ಳನೆಯ ಜಾಗಕ್ಕೆ ಮರ್ವ್ 13ರದ್ದು ತುರುಕಬೇಡಿ (ಮರ್ವ್ ಅಂದರೆ ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯುತ್ತದೆ ಅನ್ನುವ ಅಳತೆ). ಧೂಳು ಚೆನ್ನಾಗಿ ಹಿಡಿಯುತ್ತದೆ ನಿಜ, ಗಾಳಿಯನ್ನೂ ಹಿಡಿಯುತ್ತದೆ. ಫಿಲ್ಟರಿನ ಮೇಲಿನ ಬಾಣದ ಗುರುತು ಫರ್ನೇಸಿನ ಕಡೆಗಿರಲಿ.

ಫಿಲ್ಟರ್ ಚೊಕ್ಕ ಇದ್ದರೆ ಕೋಣೆಗಳಿಗೆ ಬನ್ನಿ. ಗಾಳಿ ವಾಪಸ್ ಎಳೆಯುವ ದೊಡ್ಡ ಜಾಲರಿಗೆ ಸೋಫಾ ಒತ್ತಿ ಇಟ್ಟಿರುತ್ತೀರಿ. ಬಳಸದ ಮೂರು ಕೋಣೆಗೆ ಬಿಸಿ ಗಾಳಿ ಬರುವ ಕಿಂಡಿ ಮುಚ್ಚಿ ಗ್ಯಾಸ್ ಉಳಿಸುತ್ತಿದ್ದೇವೆ ಅಂದುಕೊಂಡಿರುತ್ತೀರಿ. ಫರ್ನೇಸಿಗೆ ಅದು ಗೊತ್ತಾಗುವುದಿಲ್ಲ, ಅದು ಅಷ್ಟೇ ಶಾಖ ಮಾಡುತ್ತದೆ, ಆ ಶಾಖ ಹೋಗಲು ದಾರಿ ಕಡಿಮೆ. ಒಂದೆರಡು ಅರ್ಧ ಮುಚ್ಚಿದರೆ ಪರವಾಗಿಲ್ಲ. ಅಂದಹಾಗೆ, ಕೋಣೆಗೊಂದು ಶಾಖ ಬೇಕು ಅನ್ನುವ ಆಸೆ ಹೊಸದಲ್ಲ. 1919ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ಮಾರಿಸ್‌ಟೌನಿನ ಆಲಿಸ್ ಪಾರ್ಕರ್ ಎಂಬ ಕಪ್ಪು ಮಹಿಳೆ ಗ್ಯಾಸ್ ಫರ್ನೇಸಿಗೆ ಪೇಟೆಂಟ್ ಪಡೆದರು. ಬೇರೆ ಬೇರೆ ಕೋಣೆಗೆ ಬೇರೆ ಬೇರೆ ಬರ್ನರಿನಿಂದ ಶಾಖ ಕಳಿಸುವ ಯೋಚನೆ ಅದರಲ್ಲಿತ್ತು. ನೂರು ವರ್ಷ ದಾಟಿದರೂ ಮೇಲಿನ ಕೋಣೆ ತಣ್ಣಗೆ, ಕೆಳಗಿನದು ಬಿಸಿ ಅನ್ನುವ ಜಗಳ ನಮ್ಮ ಮನೆಗಳಲ್ಲಿ ಮುಗಿದಿಲ್ಲ, ಅಲ್ವಾ?

ಫಿಲ್ಟರ್, ಕಿಂಡಿ ಎಲ್ಲ ಸರಿಯಿದ್ದೂ ಹೀಗಾದರೆ ಬ್ಲೋವರ್ ಮೋಟರೋ ಅದರ ಕೆಪಾಸಿಟರೋ ಸೋತಿರಬಹುದು, ಏರ್ ಕಂಡಿಷನರಿನ ಕಾಯಿಲ್ ಧೂಳು ಹಿಡಿದಿರಬಹುದು. ಅದು ಟೆಕ್ನೀಷಿಯನ್ ಕೆಲಸ. ಕೆಪಾಸಿಟರ್ ಒಳಗೆ ವಿದ್ಯುತ್ ಕೂಡಿಟ್ಟುಕೊಂಡಿರುತ್ತದೆ, ಕರೆಂಟ್ ಆರಿಸಿದ ಮೇಲೂ ಶಾಕ್ ಹೊಡೆಯುತ್ತದೆ.

ಕೆಡದೇ ಕೆಟ್ಟಂತೆ ಕಾಣುವ ಎರಡು ಸಂದರ್ಭ ಹೇಳಿಬಿಡುತ್ತೇನೆ. ಒಂದು, ಥರ್ಮೋಸ್ಟಾಟಿನಲ್ಲಿ ಫ್ಯಾನ್ 'ಆಟೋ' ಬದಲು 'ಆನ್' ಇದ್ದರೆ ಬೆಂಕಿ ಇಲ್ಲದಾಗಲೂ ಗಾಳಿ ಬರುತ್ತದೆ, ತಣ್ಣಗೆ ಅನ್ನಿಸುತ್ತದೆ. ಎರಡು, ಮೈನಸ್ ಚಳಿಯ ದಿನ ಫರ್ನೇಸ್ ನಿಲ್ಲದೆ ಓಡುತ್ತಿದ್ದರೆ ಅದು ರೋಗ ಅಲ್ಲ. ಸರಿಯಾದ ಅಳತೆಯ ಫರ್ನೇಸ್ ಅಂಥ ದಿನ ಹಾಗೇ ಓಡಬೇಕು. 2019ರ ಅದೇ ವಾರ ಮಿಷಿಗನ್ನಿನಲ್ಲಿ ಗ್ಯಾಸ್ ಕಂಪ್ರೆಸರ್ ಕೇಂದ್ರವೊಂದಕ್ಕೆ ಬೆಂಕಿ ಬಿದ್ದು, ಗ್ಯಾಸ್ ಸಾಲದು, ಎಲ್ಲರೂ ಥರ್ಮೋಸ್ಟಾಟನ್ನು 65 ಫ್ಯಾರನ್‌ಹೀಟ್‌ಗೆ ಇಳಿಸಿ ಅಂತ ಜನರ ಫೋನುಗಳಿಗೆ ತುರ್ತು ಸಂದೇಶ ಬಂದಿತ್ತು. ಮನೆಯೊಳಗೆ ಸ್ವೆಟರ್ ಹಾಕಿದರೆ ಮಾನ ಹೋಗುವುದಿಲ್ಲ.

ಇಲ್ಲಿಯವರೆಗೆ ನೀವು ಮುಟ್ಟಬಹುದಾದ್ದು. ಇನ್ನು ಮುಟ್ಟಬಾರದ್ದು.

ಗ್ಯಾಸ್ ವಾಸನೆ ಬಂದರೆ ಫರ್ನೇಸ್ ರಿಪೇರಿಯ ಮಾತೇ ಇಲ್ಲ. ಲೈಟ್ ಹಾಕಬೇಡಿ, ಹಾಕಿದ್ದನ್ನು ಆರಿಸಲೂ ಬೇಡಿ, ಗ್ಯಾರೇಜ್ ಬಾಗಿಲಿನ ಗುಂಡಿ ಒತ್ತಬೇಡಿ. ಎಲ್ಲರೂ ಹೊರಗೆ ಹೋಗಿ, ದೂರ ನಿಂತು 911ಕ್ಕೋ (ಇಲ್ಲಿಯ ತುರ್ತು ಸಹಾಯದ ನಂಬರ್) ಗ್ಯಾಸ್ ಕಂಪನಿಗೋ ಫೋನ್ ಮಾಡಿ. ಊರಿನ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ನಿಲ್ಲುತ್ತದೆ. ಇಲ್ಲಿ ಪೈಪಿನಲ್ಲಿ ಬರುವುದು ಗಾಳಿಗಿಂತ ಹಗುರ, ಮೇಲೇರುತ್ತದೆ. ಬಗ್ಗಿ ಮೂಸಿ ನೋಡಿ ಏನೂ ಇಲ್ಲ ಅಂದುಕೊಳ್ಳಬೇಡಿ.

ರೋಲ್‌ಔಟ್ ಸ್ವಿಚ್ ಅಂತ ಒಂದಿದೆ, ಬರ್ನರ್ ಹತ್ತಿರ, ಮಧ್ಯೆ ಪುಟ್ಟ ಗುಂಡಿ. ಬೆಂಕಿ ತನ್ನ ಜಾಗ ಬಿಟ್ಟು ಮುಂದಕ್ಕೆ ಚಾಚಿದರೆ ಅದು ಕಡಿಯುತ್ತದೆ. ಗುಂಡಿ ಒತ್ತಿದರೆ ಫರ್ನೇಸ್ ಮತ್ತೆ ಶುರುವಾಗುತ್ತದೆ, ಅದೇ ಅಪಾಯ. ಬೆಂಕಿ ಯಾಕೆ ಹೊರಗೆ ಬಂತು ಅಂತ ತಿಳಿಯದೆ ಆ ಗುಂಡಿ ಒತ್ತುವ ಹಾಗಿಲ್ಲ. ಹೊಗೆ ದಾರಿ ಕಟ್ಟಿರಬಹುದು, ಹೀಟ್ ಎಕ್ಸ್‌ಚೇಂಜರ್ (ಹೊಗೆಯನ್ನು ಒಳಗಿಟ್ಟುಕೊಂಡು ಅದರ ಶಾಖವನ್ನು ಮಾತ್ರ ಮನೆಯ ಗಾಳಿಗೆ ದಾಟಿಸುವ ಲೋಹದ ಭಾಗ) ಬಿರಿದಿರಬಹುದು.

ಬಿರಿದ ಎಕ್ಸ್‌ಚೇಂಜರಿನಿಂದ, ಕಟ್ಟಿದ ಕೊಳವೆಯಿಂದ ಬರುವುದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಬೆಂಗಳೂರಿನ ಪೇಪರುಗಳಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಬಚ್ಚಲಲ್ಲೇ ಸತ್ತವರ ಸುದ್ದಿ ಆಗಾಗ ಓದಿರುತ್ತೀರಿ, ಅದೂ ಇದೇ ವಿಷ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಂತಿ ಬಂದ ಹಾಗೆ, ಹೊರಗೆ ಹೋದರೆ ಸರಿಹೋಗುತ್ತದೆ ಅಂದರೆ ಫ್ಲೂ ಅಂತ ಮಲಗಬೇಡಿ. ಇಲಿನಾಯ್ ರಾಜ್ಯದಲ್ಲಿ 2007ರಿಂದ ಮಲಗುವ ಕೋಣೆಯ 15 ಅಡಿಯೊಳಗೆ ಅಲಾರಂ ಇರಬೇಕು ಅಂತ ಕಾನೂನೇ ಇದೆ. ಆ ಅಲಾರಂ ಬಗ್ಗೆ ಒಂದು ವಿಷಯ ತಿಳಿದಿರಲಿ. ಇಲ್ಲಿಯ ಮಾನದಂಡದ ಪ್ರಕಾರ ಅದು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 400 ಪಾಲು ವಿಷ ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. ಆದರೆ 70 ಪಾಲು ಇದ್ದರೆ ಒಂದು ಗಂಟೆಯಿಂದ ನಾಲ್ಕು ಗಂಟೆವರೆಗೆ ಕಾಯಬಹುದು. ಆದ್ದರಿಂದ ಅಲಾರಂ ಕೂಗಿತು ಅಂದರೆ ಬ್ಯಾಟರಿ ಕಿತ್ತು ಮಲಗುವ ಮಾತೇ ಬೇಡ. ಹೊರಗೆ ಹೋಗಿ, 911. ಅಲಾರಮ್ಮಿಗೂ ಆಯಸ್ಸಿದೆ. ಹಿಂಬದಿಯಲ್ಲಿ ತಾರೀಖು ಹಾಕಿರುತ್ತಾರೆ, ಇವತ್ತೇ ಮನೆಗೆ ಹೋಗಿ ತಿರುಗಿಸಿ ನೋಡಿ.

ಟೆಕ್ನೀಷಿಯನ್ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ: "ಬಂದವರು ಎಕ್ಸ್‌ಚೇಂಜರ್ ಬಿರಿದಿದೆ, ಹೊಸ ಫರ್ನೇಸ್ ಹಾಕಲೇಬೇಕು ಅಂದರೆ ನಂಬಬೇಕಾ?" ಬಿರಿಯುವುದು ನಿಜ, ಅಪಾಯವೂ ನಿಜ. ಹೊಸ ಫರ್ನೇಸ್ ಮಾರಲು ಅದಕ್ಕಿಂತ ಸುಲಭದ ಮಾತು ಇನ್ನೊಂದಿಲ್ಲ ಅನ್ನುವುದೂ ನಿಜ. ಬಿರುಕನ್ನು ಕ್ಯಾಮೆರಾದಲ್ಲಿ ತೋರಿಸಿ ಅಂತ ಕೇಳಿ, ಫೋಟೋ ತೆಗೆದುಕೊಳ್ಳಿ. ಅಲ್ಲಿಯವರೆಗೆ ಫರ್ನೇಸ್ ಆರಿಸಿಯೇ ಇಡಿ, ಇನ್ನೊಬ್ಬರನ್ನು ಕರೆಸಿ. ಮಾದರಿ ನಂಬರ್ ಬರೆದುಕೊಂಡು ವಾರಂಟಿ ನೋಡಿ. ಹಲವು ಕಂಪನಿಗಳು ಎಕ್ಸ್‌ಚೇಂಜರಿಗೆ 20 ವರ್ಷವೋ ಅದಕ್ಕಿಂತ ಜಾಸ್ತಿಯೋ ಕೊಡುತ್ತವೆ, ಕೂಲಿ ಮಾತ್ರ ನಿಮ್ಮದು. ಟೆಕ್ನೀಷಿಯನ್ನಿಗೆ ಫೋನ್ ಮಾಡುವಾಗ "ಹೀಟ್ ಬರ್ತಿಲ್ಲ" ಅನ್ನಬೇಡಿ. "ಇಂಡ್ಯೂಸರ್ ಬರುತ್ತದೆ, ಇಗ್ನೈಟರ್ ಕಾಯುತ್ತದೆ, ಬೆಂಕಿ ಐದು ಸೆಕೆಂಡಿಗೆ ಆರುತ್ತದೆ, ಸೆನ್ಸರ್ ಉಜ್ಜಿದ್ದೇನೆ" ಅನ್ನಿ. ಅವರು ಸರಿಯಾದ ಸಾಮಾನು ಹಿಡಿದುಕೊಂಡು ಬರುತ್ತಾರೆ. ನಿಮ್ಮ ಜೊತೆ ಮಾತಾಡುವ ರೀತಿಯೂ ಬದಲಾಗುತ್ತದೆ.

ಅವರು ಬರುವವರೆಗೆ ಸ್ಪೇಸ್ ಹೀಟರ್ ಹಾಕಿಕೊಳ್ಳಿ, ನೇರ ಗೋಡೆಯ ಸಾಕೆಟ್ಟಿಗೆ, ಎಕ್ಸ್‌ಟೆನ್ಶನ್ ವೈರಿಗೆ ಬೇಡ. ಅಡುಗೆ ಓವನ್ ಹಚ್ಚಿ ಬಾಗಿಲು ತೆರೆದಿಡುವುದು, ಒಳಗೆ ಇದ್ದಿಲ ಒಲೆ ಹಾಕುವುದು ಬೇಡವೇ ಬೇಡ. ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ನಲ್ಲಿ ತೆಳ್ಳಗೆ ಹನಿಯಲಿ, ಪೈಪ್ ಹೆಪ್ಪುಗಟ್ಟುವ ಸಾಧ್ಯತೆ ಕಡಿಮೆಯಾಗುತ್ತದೆ.

ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಇಲ್ಲಿ ಅರ್ಧಕ್ಕರ್ಧ ಇದ್ದೀರಿ. ಫರ್ನೇಸ್ ಆರಿಸಿ ಹೋಗಬೇಡಿ, 55 ಫ್ಯಾರನ್‌ಹೀಟ್‌ಗೆ ಇಳಿಸಿ ಹೋಗಿ. ಹೊಸ ಫಿಲ್ಟರ್ ಹಾಕಿ. ಮನೆಗೆ ಬರುವ ನೀರಿನ ಮುಖ್ಯ ವಾಲ್ವ್ ಮುಚ್ಚಿ, ಕೆಳಗಿನ ನಲ್ಲಿ ತೆರೆದು ಪೈಪಿನ ನೀರು ಇಳಿಸಿ. ಫರ್ನೇಸಿಗೆ ಹ್ಯೂಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ಸಾಧನ) ಇದ್ದರೆ ಅದನ್ನೂ ಆರಿಸಿ. ವಿಮೆಯವರು ಮನೆ ಬೆಚ್ಚಗಿತ್ತಾ ಅಂತ ಕೇಳುತ್ತಾರೆ, ಪಾಲಿಸಿಯಲ್ಲಿ ಏನು ಬರೆದಿದೆ ಓದಿಕೊಳ್ಳಿ. ಸ್ಮಾರ್ಟ್ ಥರ್ಮೋಸ್ಟಾಟ್ ಇದೆ, ಮೈಸೂರಿನಿಂದಲೇ ಫೋನಿನಲ್ಲಿ ನೋಡುತ್ತೇವೆ ಅಂತೀರಿ. ನೋಡಬಹುದು, ಆದರೆ ಮನೆ 48ಕ್ಕೆ ಇಳಿದಿದೆ ಅಂತ ಮೈಸೂರಿನಲ್ಲಿ ಗೊತ್ತಾದರೆ ಹಿಮ ತೆಗೆಯುವವರು ಯಾರು? ಇಲ್ಲೇ ಇರುವ ಒಬ್ಬರಿಗೆ ಬೀಗದ ಕೈ ಕೊಡಿ. ಹಿಮ ಬಿದ್ದ ಮಾರನೇ ದಿನ ಬಿಳಿ ಕೊಳವೆ ನೋಡಲು ಹೇಳಿ. ಸ್ವಿಚ್ ಎಲ್ಲಿದೆ, ಫಿಲ್ಟರ್ ಎಲ್ಲಿದೆ, ಯಾರಿಗೆ ಫೋನ್ ಮಾಡಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಫರ್ನೇಸಿನ ಬಾಗಿಲಿಗೆ ಅಂಟಿಸಿ ಹೋಗಿ.